ಪಿಸ್ತೂಲಿನ ತೋಟಾ ಹಾಕುವ, ಒದೆತ ಕಡಿಮೆಯಿರುವ ರೈಫಲ್‌ನಿಂದ ಜಿಂಕೆ ಬೇಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಷಿಗನ್, ಒಹಾಯೊ, ಇಂಡಿಯಾನಾ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೆಲವರು ಅಲ್ಲಿನ ಕಾನೂನಿನಂತೆ ತರಬೇತಿ ಪಡೆದು, ಪರವಾನಗಿ ಮಾಡಿಸಿಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆ. ಮಿಷಿಗನ್‌ನಲ್ಲಿ ಬಂದೂಕಿನ ಬೇಟೆಯ ಮುಖ್ಯ ಅವಧಿ ನವೆಂಬರ್ 15ರಿಂದ 30ರವರೆಗೆ. ಆ ದಿನಗಳು ಹತ್ತಿರವಾದಂತೆ ಹೊಸಬರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿರುವುದರಿಂದ, ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಇಲ್ಲಿ ಜಿಂಕೆ ಎಂದರೆ ಮುಖ್ಯವಾಗಿ ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆ.

ಪಿಸ್ತೂಲಿನ ತೋಟಾ ಹಾಕುವ ರೈಫಲ್ ಎಂದರೆ ಯಾವುದು?

ಮೂಲತಃ ಕೈಯಲ್ಲಿ ಹಿಡಿದು ಹೊಡೆಯುವ ರಿವಾಲ್ವರ್‌ಗಾಗಿ ಮಾಡಿದ ತೋಟಾವನ್ನೇ ಹಾಕಿಕೊಂಡು, ಹೆಗಲಿಗೆ ಆನಿಸಿ ಹೊಡೆಯಬಹುದಾದ ಉದ್ದ ನಳಿಗೆಯ ಕೋವಿ. ಇದು ಹೊಸ ಕಲ್ಪನೆಯಲ್ಲ. 1873ರ ವಿಂಚೆಸ್ಟರ್ ರೈಫಲ್ .44-40 ಎಂಬ ತೋಟಾದೊಂದಿಗೆ ಬಂದಿತು (ಇಂಥ ಹೆಸರುಗಳಲ್ಲಿ ಚುಕ್ಕೆಯ ನಂತರದ ಅಂಕಿ ಗುಂಡಿನ ವ್ಯಾಸವನ್ನು ಸ್ಥೂಲವಾಗಿ ಅಂಗುಲದ ಭಾಗದಲ್ಲಿ ಹೇಳುತ್ತದೆ). ಐದು ವರ್ಷಗಳ ನಂತರ ಕೋಲ್ಟ್ ಕಂಪನಿ ಅದೇ ತೋಟಾ ಹಿಡಿಸುವ ರಿವಾಲ್ವರ್ ಮಾಡಿದ್ದರಿಂದ, ಕುದುರೆಯ ಮೇಲೆ ದಿನಗಟ್ಟಲೆ ಸಾಗುವವನು ಸೊಂಟದ ಆಯುಧಕ್ಕೂ ಜೀನಿನ ಪಕ್ಕದ ಆಯುಧಕ್ಕೂ ಒಂದೇ ಬಗೆಯ ತೋಟಾ ಇಟ್ಟುಕೊಂಡರೆ ಸಾಕಾಯಿತು. ಇಂದು ಜಿಂಕೆ ಬೇಟೆಯಲ್ಲಿ ಬಳಕೆಯಾಗುವವು ಮುಖ್ಯವಾಗಿ ಎರಡು: 1935ರಲ್ಲಿ ಬಂದ .357 ಮ್ಯಾಗ್ನಮ್ ಮತ್ತು 1950ರ ದಶಕದ ಮಧ್ಯದಲ್ಲಿ ಬಂದ .44 ಮ್ಯಾಗ್ನಮ್. ಹಳೆಯ .45 ಕೋಲ್ಟ್ ಕೂಡ ಈ ಪಂಕ್ತಿಯಲ್ಲಿದೆ. ಒಂಬತ್ತು ಮಿಲಿಮೀಟರ್ ಪಿಸ್ತೂಲಿನ ತೋಟಾ ಹಾಕುವ ರೈಫಲ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ, ಆದರೆ ಅವು ಜಿಂಕೆಗೆ ತಕ್ಕವಲ್ಲ. ಅದನ್ನು ಈ ಪುಟದಲ್ಲಿ ಮತ್ತೆ ಚರ್ಚಿಸುವುದಿಲ್ಲ.

ಒದೆತ ಕಡಿಮೆಯಿದ್ದರೆ ಏನು ಲಾಭ? ಗಟ್ಟಿ ಆಳು ಒದೆತಕ್ಕೆ ಹೆದರಬೇಕೆ?

ಗುಂಡು ಹೊರಡುವಾಗ ಕೋವಿ ಹೆಗಲಿಗೆ ಕೊಡುವ ಒದೆತದಿಂದ ಆಗುವ ನಿಜವಾದ ಕೇಡು ಹೆಗಲ ನೋವಲ್ಲ, ಅಳುಕು. ಹತ್ತು ಹದಿನೈದು ಸಲ ಜೋರಾಗಿ ಒದೆಸಿಕೊಂಡ ದೇಹ ಮುಂದಿನ ಈಡಿಗೆ ಮುಂಚೆಯೇ ತನ್ನಷ್ಟಕ್ಕೆ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಬೆರಳು ಟ್ರಿಗರ್ ಅನ್ನು ಮೆಲ್ಲಗೆ ಒತ್ತುವ ಬದಲು ಜಗ್ಗುತ್ತದೆ. ಗುಂಡು ಹೊರಡುವ ಕ್ಷಣಕ್ಕೆ ನಳಿಗೆ ಗುರಿಯಿಂದ ಸರಿದಿರುತ್ತದೆ. ಹೊಡೆಯುವವನಿಗೆ ಇದು ಗೊತ್ತಾಗುವುದೂ ಇಲ್ಲ. ನಾನು ಮೊದಲ ವರ್ಷ ಸ್ನೇಹಿತರ .30-06 ಎಂಬ ದೊಡ್ಡ ತೋಟಾದ ರೈಫಲ್ ಹಿಡಿದು ಹೋಗಿ, ಅರವತ್ತು ಗಜದಲ್ಲಿ ಅಲ್ಲಾಡದೆ ನಿಂತಿದ್ದ ಜಿಂಕೆಯ ಹೊಟ್ಟೆಗೆ ಹೊಡೆದೆ. ಅದನ್ನು ಹುಡುಕಲು ಕತ್ತಲಾಗುವವರೆಗೂ, ಮರುದಿನ ಬೆಳಿಗ್ಗೆಯೂ ಅಲೆಯಬೇಕಾಯಿತು. ಕೋವಿಯಲ್ಲಿ ದೋಷವಿರಲಿಲ್ಲ, ನನ್ನ ಅಳುಕಿನಲ್ಲಿತ್ತು. ಆ ದಿನದ ನೆನಪೇ ನನ್ನನ್ನು ಚಿಕ್ಕ ತೋಟಾದ ಕಡೆಗೆ ತಂದಿತು.

ಅಂಕಿಯಲ್ಲಿ ಹೇಳುವುದಾದರೆ, ಎಂಟು ಪೌಂಡ್ ತೂಕದ .30-06 ರೈಫಲ್‌ನ ಒದೆತ ಸುಮಾರು 20 ಅಡಿ-ಪೌಂಡ್ (ಶಕ್ತಿಯನ್ನು ಅಳೆಯುವ ಮಾನ). ಏಳು ಪೌಂಡ್ ತೂಕದ .44 ಮ್ಯಾಗ್ನಮ್ ರೈಫಲ್‌ನದು ಸುಮಾರು 12. ಅದೇ ತೂಕದ .357 ರೈಫಲ್‌ನದು ಐದರ ಆಸುಪಾಸು, ಅಂದರೆ ದೊಡ್ಡ ರೈಫಲ್‌ನ ಕಾಲು ಭಾಗ. ಹದಿಹರೆಯದವರು, ಸಣ್ಣ ಮೈಕಟ್ಟಿನವರು, ಹೆಗಲಿನ ಶಸ್ತ್ರಚಿಕಿತ್ಸೆ ಆದವರು ಇದನ್ನು ಇಡೀ ಮಧ್ಯಾಹ್ನ ಅಭ್ಯಾಸ ಮಾಡಬಲ್ಲರು. ಹಾಗೆ ಮಾಡಿದ ಅಭ್ಯಾಸವೇ ಜಿಂಕೆಯ ಮುಂದೆ ಕೈಹಿಡಿಯುತ್ತದೆ.

ಅದೇ ತೋಟಾ ರೈಫಲ್‌ನಲ್ಲಿ ಹೆಚ್ಚು ಬಲ ಪಡೆಯುವುದು ಹೇಗೆ?

ಕೋವಿಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳುತ್ತಾ ಹೋಗುತ್ತದೆ. ನಾಲ್ಕು ಅಂಗುಲದ ನಳಿಗೆಯಿರುವ ರಿವಾಲ್ವರ್‌ನಲ್ಲಿ ಆ ತಳ್ಳುವಿಕೆ ಅರ್ಧಕ್ಕೇ ಮುಗಿಯುತ್ತದೆ, ಮೇಲಾಗಿ ತೋಟಾ ಕೂರುವ ಉರುಳೆಗೂ ನಳಿಗೆಗೂ ನಡುವಿನ ಸಂದಿನಿಂದ ಸ್ವಲ್ಪ ಅನಿಲ ಸೋರಿಹೋಗುತ್ತದೆ. ರೈಫಲ್‌ನಲ್ಲಿ ಆ ಸಂದಿಲ್ಲ, ನಳಿಗೆಯೂ ಹದಿನೆಂಟು ಇಪ್ಪತ್ತು ಅಂಗುಲ ಉದ್ದವಿರುತ್ತದೆ. 158 ಗ್ರೇನ್ (ಗುಂಡಿನ ತೂಕ ಹೇಳುವ ಸಣ್ಣ ಮಾನ) ತೂಕದ .357 ಗುಂಡು ರಿವಾಲ್ವರ್‌ನಿಂದ ಸೆಕೆಂಡಿಗೆ ಸುಮಾರು 1,235 ಅಡಿ ವೇಗದಲ್ಲಿ ಹೊರಟರೆ, ರೈಫಲ್‌ನಿಂದ ಸುಮಾರು 1,800 ಅಡಿ ವೇಗದಲ್ಲಿ ಹೊರಡುತ್ತದೆ. ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಈ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು: ರಿವಾಲ್ವರ್‌ನಲ್ಲಿ 535 ಅಡಿ-ಪೌಂಡ್ ಇದ್ದದ್ದು ರೈಫಲ್‌ನಲ್ಲಿ 1,130ನ್ನು ದಾಟುತ್ತದೆ. ನಿಧಾನವಾಗಿ ಉರಿಯುವ ಮದ್ದು ತುಂಬಿದ ಪೂರ್ಣ ಬಲದ ತೋಟಾಗಳಿಗೆ ಈ ಲಾಭ ಹೆಚ್ಚು. ಬೇಗ ಉರಿಯುವ ಮದ್ದಿನ ಸೌಮ್ಯ ತೋಟಾಗಳಿಗೆ ಕಡಿಮೆ.

ಇಷ್ಟು ಶಕ್ತಿ ಜಿಂಕೆಗೆ ಸಾಕೆ? ಕನಿಷ್ಠ 1,000 ಅಡಿ-ಪೌಂಡ್ ಬೇಕೆಂದು ಹೇಳುತ್ತಾರಲ್ಲ?

ಈ ಸಾವಿರದ ಲೆಕ್ಕ ಬೇಟೆಗಾರರ ಬಾಯಲ್ಲಿ ಬಹಳ ಕಾಲದಿಂದ ಇದೆ. ಅದೊಂದು ಎಚ್ಚರಿಕೆಯ ಗೆರೆಯಾಗಿ ಕೆಟ್ಟದ್ದೇನಲ್ಲ, ಆದರೆ ಪ್ರಾಣಿ ಸಾಯುವುದು ಅಡಿ-ಪೌಂಡ್‌ಗಳಿಂದಲ್ಲ. ಎರಡೂ ಶ್ವಾಸಕೋಶಗಳನ್ನೋ ಗುಂಡಿಗೆಯನ್ನೋ ಹಾದುಹೋದ ರಂಧ್ರದಿಂದ ರಕ್ತದ ಒತ್ತಡ ಕುಸಿದು, ಮಿದುಳಿಗೆ ಆಮ್ಲಜನಕ ನಿಂತಾಗ ಅದು ಸಾಯುತ್ತದೆ. ಇಂದಿನ ಕಾಂಪೌಂಡ್ ಬಿಲ್ಲಿನ ಬಾಣದಲ್ಲಿ ನೂರು ಅಡಿ-ಪೌಂಡ್ ಕೂಡ ಇರುವುದಿಲ್ಲ, ಆದರೂ ಸರಿಯಾದ ಜಾಗಕ್ಕೆ ತಗುಲಿದ ಹರಿತವಾದ ಬಾಣ ಜಿಂಕೆಯನ್ನು ಕೆಲವೇ ಸೆಕೆಂಡುಗಳಲ್ಲಿ ಕೆಡವುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ: ನಾನು ಹೊಡೆಯಲಿರುವ ದೂರದಲ್ಲಿ ಈ ಗುಂಡು ಮೈಯೊಳಗೆ ಹೊಕ್ಕು ಅರಳುವಷ್ಟು, ಅಂದರೆ ಮೂತಿ ಅಗಲವಾಗುವಷ್ಟು ವೇಗವನ್ನೂ, ಎದೆಗೂಡನ್ನು ಆರಪಾರು ದಾಟುವಷ್ಟು ತೂಕವನ್ನೂ ಉಳಿಸಿಕೊಂಡಿರುತ್ತದೆಯೆ?

.357ರ ವಿಷಯದಲ್ಲಿ ನೂರು ಗಜದವರೆಗೆ ಉತ್ತರ ಹೌದು. ಅಲ್ಲಿ ಅದರ ವೇಗ ಸುಮಾರು 1,400 ಅಡಿ, ಶಕ್ತಿ 650ರಿಂದ 700 ಅಡಿ-ಪೌಂಡ್. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡು ನಳಿಗೆಯಿಂದ 1,760 ಅಡಿ ವೇಗದಲ್ಲಿ ಹೊರಟು ನೂರು ಗಜದಲ್ಲಿ 1,380 ಅಡಿ ವೇಗವನ್ನೂ ಸಾವಿರ ಅಡಿ-ಪೌಂಡ್‌ಗಿಂತ ತುಸು ಹೆಚ್ಚು ಶಕ್ತಿಯನ್ನೂ ಇಟ್ಟುಕೊಂಡಿರುತ್ತದೆ. ಈ ವ್ಯತ್ಯಾಸ ಕೆಲವು ಕಡೆ ಕಾನೂನಿನ ಪ್ರಶ್ನೆಯೂ ಆಗುತ್ತದೆ. ಕೊಲರಾಡೊ ರಾಜ್ಯ ಜಿಂಕೆಗೆ ಬಳಸುವ ರೈಫಲ್ ತೋಟಾಕ್ಕೆ ನೂರು ಗಜದಲ್ಲಿ ಸಾವಿರ ಅಡಿ-ಪೌಂಡ್ ಇರಲೇಬೇಕೆಂದು ನಿಯಮ ಮಾಡಿದೆ; ಅಲ್ಲಿ .357 ಹೊರಗುಳಿಯುತ್ತದೆ.

ಎಷ್ಟು ದೂರದವರೆಗೆ ಹೊಡೆಯಬಹುದು?

ನನ್ನ ಅಭಿಪ್ರಾಯದಲ್ಲಿ .357ಕ್ಕೆ ನೂರು ಗಜ, .44ಕ್ಕೆ ನೂರಿಪ್ಪತ್ತೈದು ಗಜ. ಇದಕ್ಕಿಂತ ದೂರ ಹೊಡೆದವರಿದ್ದಾರೆ, ಅದು ಗೊತ್ತಿದ್ದೇ ಈ ಮಿತಿ ಹೇಳುತ್ತಿದ್ದೇನೆ.

ಕಾರಣ ಗುಂಡಿನ ದಾರಿಯಲ್ಲಿದೆ. ಮೊಂಡು ಮೂಗಿನ ಈ ಗಿಡ್ಡ ಗುಂಡುಗಳು ಗಾಳಿಯಲ್ಲಿ ಬೇಗ ಸೋಲುತ್ತವೆ. ನೂರು ಗಜಕ್ಕೆ ಗುರಿ ಹೊಂದಿಸಿದ .357 ರೈಫಲ್ ಐವತ್ತು ಗಜದಲ್ಲಿ ಒಂದು ಅಂಗುಲ ಮೇಲೆ ಹೊಡೆಯುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ನೂರೈವತ್ತು ಗಜದಲ್ಲಿ ಗುಂಡು ಐದಾರು ಅಂಗುಲ ಕೆಳಗೆ ಬೀಳುತ್ತದೆ, ಇನ್ನೂರಕ್ಕೆ ಒಂದೂಕಾಲು ಅಡಿಗಿಂತಲೂ ಹೆಚ್ಚು. ಬಿಳಿಬಾಲದ ಜಿಂಕೆಯ ಮರ್ಮಸ್ಥಾನ ಎಂಟು ಹತ್ತು ಅಂಗುಲ ಅಗಲದ ಒಂದು ವೃತ್ತ, ಅಷ್ಟೆ. ನೂರಿಪ್ಪತ್ತು ಗಜವೆಂದು ಅಂದಾಜಿಸಿದ್ದು ನೂರೈವತ್ತಾಗಿದ್ದರೆ ಗುಂಡು ಆ ವೃತ್ತದ ಅಂಚಿಗೆ ಬಂತು ಎಂದೇ ಅರ್ಥ. ಅದಕ್ಕೆ ಕೈಯ ನಡುಕವನ್ನೂ ಸೇರಿಸಿದರೆ ಮುಂಗಾಲು ಮುರಿದ ಪ್ರಾಣಿಯೊಂದು ಕಾಡಿನೊಳಗೆ ಕುಂಟುತ್ತಾ ಹೋಗುತ್ತದೆ. ಕೂರುವ ಜಾಗದಿಂದ ಎದುರಿನ ಮರ, ಬೇಲಿಕಂಬಗಳಿಗೆ ದೂರಮಾಪಕದಿಂದ ಮೊದಲೇ ಅಳತೆ ತೆಗೆದಿಟ್ಟುಕೊಂಡು, ಮಿತಿಯ ಆಚೆ ನಿಂತ ಜಿಂಕೆಯನ್ನು ಅದು ಎಷ್ಟೇ ದೊಡ್ಡ ಕೊಂಬಿನದ್ದಾಗಿರಲಿ ಹೋಗಲು ಬಿಡಬೇಕು.

ನೂರು ಗಜ ಕಡಿಮೆಯಾಯಿತೆಂದು ಅನ್ನಿಸಬಹುದು. ಓಕ್ ಮರಗಳ ಕಾಡಿನಂಚಿನಲ್ಲಿ, ಕುಯಿಲಾದ ಜೋಳದ ಹೊಲದ ಮೂಲೆಯಲ್ಲಿ ಏಣಿಯ ಅಟ್ಟ ಕಟ್ಟಿ ಕೂರುವವರಿಗೆ, ಅಂದರೆ ನಮ್ಮ ಮಲೆನಾಡಿನಲ್ಲಿ ಹಿಂದೆ ಮರಸು ಕೂರುವುದು ಎನ್ನುತ್ತಿದ್ದರಲ್ಲ ಆ ಬಗೆಯಲ್ಲಿ ಕೂರುವವರಿಗೆ, ಜಿಂಕೆ ಎದುರಾಗುವುದು ಹೆಚ್ಚಾಗಿ ಎಪ್ಪತ್ತೆಂಬತ್ತು ಗಜದೊಳಗೇ.

.357 ಒಳ್ಳೆಯದೋ .44 ಒಳ್ಳೆಯದೋ?

ಒದೆತವನ್ನು ಆದಷ್ಟು ಕಡಿಮೆ ಮಾಡುವುದೇ ಮುಖ್ಯವಾಗಿದ್ದರೆ, ಮಗನೋ ಮಗಳೋ ಮೊದಲ ಸಲ ಕೂರುತ್ತಿದ್ದರೆ .357. ಉಳಿದ ಎಲ್ಲರಿಗೂ .44 ಹೆಚ್ಚು ಕ್ಷಮಿಸುವ ತೋಟಾ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರ ರಂಧ್ರ ಅಗಲ, ಗುಂಡು ಭಾರ, ಮೂಳೆ ತಗುಲಿದರೂ ದಾಟುವ ಸಂಭವ ಹೆಚ್ಚು. 2019ರಲ್ಲಿ ವಿಂಚೆಸ್ಟರ್ ತಂದ .350 ಲೆಜೆಂಡ್ ಪಿಸ್ತೂಲಿನ ತೋಟಾ ಅಲ್ಲದಿದ್ದರೂ ಇದೇ ಅಗತ್ಯಕ್ಕಾಗಿ ಹುಟ್ಟಿದ್ದು. ಒದೆತ .44ಕ್ಕಿಂತ ಕಡಿಮೆ, ವ್ಯಾಪ್ತಿ .357, .44 ಎರಡೂ ತೋಟಾಗಳಿಗಿಂತ ಹೆಚ್ಚು. ಬರೀ ಉಪಯುಕ್ತತೆಯೊಂದನ್ನೇ ನೋಡುವವರು ಅದನ್ನು ಕೊಳ್ಳುವುದು ಸರಿಯಾದ ನಿರ್ಧಾರ.

ಯಾವ ಗುಂಡು ಆರಿಸಬೇಕು?

.357ರಲ್ಲಿ 158ರಿಂದ 180 ಗ್ರೇನ್ ತೂಕದ, ಬೇಟೆಗೆಂದೇ ಮಾಡಿದ ಮೆತ್ತನೆ ಮೂತಿಯ ಗುಂಡು; .44ರಲ್ಲಿ 240 ಗ್ರೇನ್. ಆತ್ಮರಕ್ಷಣೆಗಾಗಿ ಮಾರುವ 110 ಅಥವಾ 125 ಗ್ರೇನ್ ಟೊಳ್ಳು ಮೂತಿಯ ಗುಂಡುಗಳನ್ನು ಬಳಸಲೇಬಾರದು. ಅವನ್ನು ರಿವಾಲ್ವರ್‌ನ ವೇಗಕ್ಕೆ ಅರಳುವಂತೆ ಮಾಡಿರುತ್ತಾರೆ. ರೈಫಲ್‌ನ ವೇಗದಲ್ಲಿ ಅವು ಭುಜದ ಮೇಲ್ಪದರದಲ್ಲೇ ಒಡೆದು ಚೂರಾಗಿ, ಒಳಗೆ ತಲುಪದೆ ಪ್ರಾಣಿಯನ್ನು ಗಾಯಗೊಳಿಸಿ ಬಿಡುತ್ತವೆ.

ಇನ್ನೊಂದು ಎಚ್ಚರಿಕೆ ಜೀವದ ಪ್ರಶ್ನೆ. ನಳಿಗೆಯ ಕೆಳಗೆ ಕೊಳವೆಯಾಕಾರದ ಮ್ಯಾಗಜಿನ್ ಇರುವ ರೈಫಲ್‌ಗಳಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ, ಹಿಂದಿನದರ ಮೂತಿ ಮುಂದಿನದರ ಪ್ರೈಮರ್‌ಗೆ, ಅಂದರೆ ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಗುಂಡಿಗೆ, ತಾಗಿರುತ್ತದೆ. ಗಟ್ಟಿಯಾದ ಚೂಪು ಮೂತಿಯ ಗುಂಡಿದ್ದರೆ ಒದೆತದ ಧಕ್ಕೆಗೆ ಅದು ಪ್ರೈಮರ್ ಅನ್ನು ಸಿಡಿಸಬಹುದು. ಆದ್ದರಿಂದ ಚಪ್ಪಟೆ ಮೂತಿಯವು, ಇಲ್ಲವೆ ರಬ್ಬರಿನಂಥ ಮೆತ್ತನೆ ತುದಿಯಿಟ್ಟು ಇದಕ್ಕೆಂದೇ ತಯಾರಿಸಿದವು ಮಾತ್ರ.

ಯಾವ ರೈಫಲ್ ಕೊಳ್ಳಲಿ?

ಲಿವರ್ ಆಕ್ಷನ್‌ನಲ್ಲಿ (ಟ್ರಿಗರ್ ಸುತ್ತಲಿನ ಸನ್ನೆಯನ್ನು ಕೆಳಗೆಳೆದು ಮುಂದಿನ ತೋಟಾ ಏರಿಸುವ ಬಗೆ) ಮಾರ್ಲಿನ್ 1894, ಹೆನ್ರಿ ಬಿಗ್ ಬಾಯ್, ಜಾನ್ ಬ್ರೌನಿಂಗ್ ರೂಪಿಸಿದ 1892ರ ವಿಂಚೆಸ್ಟರ್ ಮಾದರಿಯನ್ನು ಅನುಸರಿಸುವ ರೊಸ್ಸಿ ಆರ್92 ಇವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಬೋಲ್ಟ್ ಆಕ್ಷನ್ (ಪಕ್ಕದ ಹಿಡಿಯನ್ನು ಎತ್ತಿ ಹಿಂದೆಳೆದು ತೋಟಾ ಏರಿಸುವ ಬಗೆ) ಬೇಕೆನ್ನುವವರು ರೂಗರ್‌ನ 77/357 ಅಥವಾ 77/44 ಹುಡುಕಬಹುದು. ಹೆಸರಿಗಿಂತ ನೋಡಬೇಕಾದದ್ದು ಎರಡು: ಹೆಗಲಿಗೆ ಆನಿಸುವ ಬಟ್ಟಿನ ಉದ್ದ ನಿಮ್ಮ ತೋಳಿಗೆ ಹೊಂದುತ್ತದೆಯೆ, ಗುರಿ ನೋಡುವ ದುರ್ಬೀನು (ಸ್ಕೋಪ್) ಕೂರಿಸಲು ಅನುಕೂಲವಿದೆಯೆ. ಹಳೆಯ .44 ಮಾರ್ಲಿನ್‌ಗಳ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ ಮೂವತ್ತೆಂಟು ಅಂಗುಲಕ್ಕೆ ಒಂದು ಸುತ್ತಿನಷ್ಟು ನಿಧಾನ, ಹಾಗಾಗಿ ಮುನ್ನೂರು ಗ್ರೇನ್‌ನಂಥ ಭಾರದ ಗುಂಡುಗಳು ಅವುಗಳಲ್ಲಿ ಸ್ಥಿರವಾಗಿ ಹಾರದಿರಬಹುದು. 240ಕ್ಕೆ ಏನೂ ಅಡ್ಡಿಯಿಲ್ಲ.

ಕೆಲವು ರಾಜ್ಯಗಳಲ್ಲಿ "ನೇರ ಗೋಡೆಯ ತೋಟಾ" ಎಂಬ ನಿಯಮವಿದೆ. ಏನದು?

ಮಧ್ಯಪಶ್ಚಿಮದ ನೆಲ ಚಪ್ಪಟೆ, ಹೊಲಗಳ ನಡುನಡುವೆ ಮನೆಗಳು. ಬಾಟಲಿಯಂತೆ ಕತ್ತು ಕಿರಿದಾದ ತೋಟಾಗಳ ಗುಂಡು ಗುರಿ ತಪ್ಪಿದರೆ ಬಹುದೂರ ಹೋಗುತ್ತದೆ ಎಂಬ ಕಾರಣಕ್ಕೆ ಅಲ್ಲಿ ಹಲವು ಕಡೆ ದಶಕಗಳ ಕಾಲ ಮುಖ್ಯವಾಗಿ ಷಾಟ್‌ಗನ್‌ಗೆ ಅವಕಾಶವಿತ್ತು. ಹನ್ನೆರಡು ಗೇಜಿನ ಷಾಟ್‌ಗನ್‌ನಿಂದ ಒಂಟಿ ಗುಂಡು ಹೊಡೆದವರಿಗೆ ಅದರ ಒದೆತ ಏನೆಂದು ಗೊತ್ತು. ವೇಗವೂ ವ್ಯಾಪ್ತಿಯೂ ಸೀಮಿತವಾಗಿರುವ, ಹಿತ್ತಾಳೆಯ ಕೊಳವೆ ಬುಡದಿಂದ ಬಾಯಿಯವರೆಗೆ ನೇರವಾಗಿರುವ ತೋಟಾದ ರೈಫಲ್‌ಗಳಿಗೆ ಒಹಾಯೊ ಮತ್ತು ದಕ್ಷಿಣ ಮಿಷಿಗನ್ 2014ರಲ್ಲಿ ಅನುಮತಿ ಕೊಟ್ಟವು, ಅಯೋವಾ 2017ರಲ್ಲಿ. ಪಿಸ್ತೂಲಿನ ತೋಟಾದ ರೈಫಲ್‌ಗೆ ಮರುಜೀವ ಬಂದದ್ದು ಹೀಗೆ.

ಮಿಷಿಗನ್‌ನ ನಿಯಮ ರೂಪುಗೊಂಡದ್ದು ಅಳತೆಯಲ್ಲಿ: ಗುಂಡಿನ ವ್ಯಾಸ .35 ಅಥವಾ ಹೆಚ್ಚು, ಕೊಳವೆಯ ಉದ್ದ 1.16ರಿಂದ 1.80 ಅಂಗುಲ. .357 ಮ್ಯಾಗ್ನಮ್‌ನ ಕೊಳವೆ 1.29 ಅಂಗುಲ, .44 ಮ್ಯಾಗ್ನಮ್‌ನದು 1.285, ಎರಡೂ ಒಳಗೆ ಬರುತ್ತವೆ. .38 ಸ್ಪೆಷಲ್‌ನದು 1.155 ಅಂಗುಲವಾದ್ದರಿಂದ ಕೂದಲೆಳೆಯಷ್ಟರಲ್ಲಿ ಹೊರಗೆ. ಈ ಕಥೆಗೆ ಮೊದಲಾದ .44-40ರ ಕೊಳವೆ ಬಾಯಿಯ ಬಳಿ ತುಸು ಕಿರಿದಾಗಿರುವುದರಿಂದ ಅದು ನೇರ ಗೋಡೆಯ ತೋಟಾವೇ ಅಲ್ಲ. ಒಹಾಯೊದಲ್ಲಿ ಕೋವಿಯೊಳಗೆ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ ಎಂಬುದನ್ನೂ ಲಿವರ್ ರೈಫಲ್ ಹಿಡಿದವರು ಮರೆಯಬಾರದು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಆಯಾ ವರ್ಷದ ಬೇಟೆ ಕೈಪಿಡಿಯನ್ನು ಓದಿಯೇ ಹೊರಡಬೇಕು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಮುಟ್ಟಬಹುದೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿರುವವರು, ಅಂದರೆ ಎಚ್-1ಬಿ ಉದ್ಯೋಗಿಗಳು, ಎಫ್-1 ವಿದ್ಯಾರ್ಥಿಗಳು ಮುಂತಾದವರು, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಕಾನೂನೇ ಕೊಟ್ಟಿರುವ ಕೆಲವು ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ಕೋವಿ ಮಾತ್ರ ಕಪಾಟಿನಲ್ಲೇ ಇರುತ್ತದೆ; ತಪ್ಪು ನಡೆಯುವುದು ಇಲ್ಲಿಯೇ. ಇದರ ಮೇಲೆ ರಾಜ್ಯದ ಕಾನೂನುಗಳು ಬೇರೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಸಂದೇಹವಿದ್ದರೆ ಕೊಳ್ಳುವ ಮೊದಲೇ ವಲಸೆ ವಕೀಲರನ್ನು ಕೇಳಿ.

ಟೆಕ್ಸಸ್‌ನಲ್ಲಿ ನಮ್ಮ ಚುಕ್ಕೆ ಜಿಂಕೆಯನ್ನೇ ಬೇಟೆಯಾಡುತ್ತಾರಂತೆ, ನಿಜವೆ? ಊರಿಗೆ ಹೋದಾಗಲೂ ಆಡಬಹುದೆ?

ಮೊದಲನೆಯದು ನಿಜ. ಬಂಡೀಪುರದ ರಸ್ತೆಬದಿಯಲ್ಲಿ ಹಿಂಡುಹಿಂಡಾಗಿ ಕಾಣುವ ಚುಕ್ಕೆ ಜಿಂಕೆಯನ್ನು 1932ರ ಸುಮಾರಿಗೆ ಟೆಕ್ಸಸ್‌ಗೆ ಒಯ್ದರು. ಅಲ್ಲಿ ಅದು ಹೊರಗಿನಿಂದ ಬಂದ ಪ್ರಾಣಿಯಾದ್ದರಿಂದ ಬೇಟೆಯ ಋತುಮಾನವಿಲ್ಲ, ಆದರೆ ಬೇಟೆ ಪರವಾನಗಿಯೂ ಜಮೀನಿನ ಒಡೆಯರ ಒಪ್ಪಿಗೆಯೂ ಬೇಕು.

ಎರಡನೆಯದಕ್ಕೆ ಉತ್ತರ ಖಂಡಿತವಾಗಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧ, ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ ನಿಜ, ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕೇ ಹೊರತು ಬೇಟೆಯಾಡುವ ಹಕ್ಕಲ್ಲ. ಅಮೆರಿಕದಲ್ಲಿ ಜಿಂಕೆಗಳ ಸಂಖ್ಯೆಯನ್ನು ಲೆಕ್ಕಹಾಕಿ ರಾಜ್ಯವೇ ಬೇಟೆಗೆ ಚೀಟಿ ಕೊಡುತ್ತದೆ. ನಮ್ಮ ಕಾಡಿನ ಜಿಂಕೆಯ ಮೇಲೆ ಹುಲಿ, ಚಿರತೆ, ಸೀಳುನಾಯಿಗಳು ಬದುಕಿವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಎಲ್ಲಿಗೆ ಗುರಿ ಇಡಬೇಕು?

ಜಿಂಕೆ ಪೂರ್ಣ ಅಡ್ಡಲಾಗಿ ನಿಂತಿರುವಾಗ, ಮುಂಗಾಲಿನ ಹಿಂದೆ, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಭಾಗ ಮುಗಿಯುವ ಜಾಗಕ್ಕೆ. ತುಸು ಆಚೆಗೆ ತಿರುಗಿ ನಿಂತಿದ್ದರೆ ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲಿಟ್ಟು ಗುರಿ ಇಡಬೇಕು. ನಮ್ಮತ್ತ ಮುಖಮಾಡಿ ನಿಂತದ್ದಕ್ಕೂ ಬೆನ್ನು ತಿರುಗಿಸಿದ್ದಕ್ಕೂ ಓಡುತ್ತಿರುವುದಕ್ಕೂ ಈ ತೋಟಾದಿಂದ ಹೊಡೆಯಬಾರದು. ದೊಡ್ಡ ರೈಫಲ್ ದಪ್ಪ ಮೂಳೆಯನ್ನು ಪುಡಿಮಾಡಿ ಒಳನುಗ್ಗಬಲ್ಲದು; .357 ಕೆಲವೊಮ್ಮೆ ಮಾತ್ರ ಹಾಗೆ ಮಾಡುತ್ತದೆ, ಆ "ಕೆಲವೊಮ್ಮೆ"ಯನ್ನು ನಂಬಿ ಟ್ರಿಗರ್ ಒತ್ತುವುದು ಪ್ರಾಣಿಗೆ ಮಾಡುವ ಅನ್ಯಾಯ.

ಹೊಡೆದರೂ ಜಿಂಕೆ ಬೀಳದೆ ಓಡಿತು. ತಪ್ಪಿತೆ?

ಹೆಚ್ಚಿನ ಸಲ ಇಲ್ಲ. ಶ್ವಾಸಕೋಶಕ್ಕೆ ತಗುಲಿದ ಜಿಂಕೆಯೂ ಐವತ್ತರಿಂದ ನೂರು ಗಜ ಓಡುವುದು ಸಾಮಾನ್ಯ. ಅದು ಕೊನೆಯದಾಗಿ ಕಂಡ ಮರವನ್ನು ಗುರುತಿಟ್ಟುಕೊಂಡು, ಅರ್ಧ ಗಂಟೆ ಅಲ್ಲಾಡದೆ ಕೂತಿರಿ. ನಂತರ ಅದು ನಿಂತಿದ್ದ ಜಾಗ ನೋಡಿ. ನೊರೆಯಿರುವ ನಸುಗೆಂಪು ರಕ್ತ ಶ್ವಾಸಕೋಶದ್ದು, ಜಾಡು ಹಿಡಿಯಬಹುದು. ಕಪ್ಪುಗೆಂಪು ರಕ್ತ ಯಕೃತ್ತಿನದು; ಹಸಿರು ಮಿಶ್ರಿತ, ವಾಸನೆಯ ದ್ರವ ಹೊಟ್ಟೆಯದು. ಆ ಎರಡರಲ್ಲೂ ಹಲವು ಗಂಟೆ ಕಾಯಬೇಕು, ಬೇಗ ಬೆನ್ನಟ್ಟಿದರೆ ಮಲಗಿದ ಪ್ರಾಣಿ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಚಿಕ್ಕ ತೋಟಾದಲ್ಲಿ ಕೆಲವೊಮ್ಮೆ ಗುಂಡು ಆಚೆ ಬದಿಗೆ ದಾಟದೆ ರಕ್ತದ ಜಾಡು ತೆಳುವಾಗಿರುತ್ತದೆ. ಆಗ ಮೊಣಕಾಲೂರಿ ಎಲೆ ಎಲೆಯನ್ನೂ ನೋಡುವ ತಾಳ್ಮೆ ಬೇಕು, ಹತ್ತಿರದಲ್ಲಿ ಜಾಡು ಹಿಡಿಯುವ ನಾಯಿಯಿದ್ದು ಆ ರಾಜ್ಯ ಒಪ್ಪುವುದಾದರೆ ಕರೆಸಬೇಕು.

ಅಭ್ಯಾಸಕ್ಕೆ .38 ಸ್ಪೆಷಲ್ ಬಳಸಬಹುದೆ?

.357 ರೈಫಲ್‌ನಲ್ಲಿ ಬಳಸಬಹುದು, ಅದು ಈ ರೈಫಲ್‌ನ ದೊಡ್ಡ ಅನುಕೂಲ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯೂ ಕಡಿಮೆ. ಆದರೆ ಗಿಡ್ಡ ತೋಟಾ ಬಿಟ್ಟುಹೋಗುವ ಮಸಿ ನಳಿಗೆಯ ಬುಡದಲ್ಲಿ ಉಂಗುರದಂತೆ ಕಟ್ಟುತ್ತದೆ; ತಿಕ್ಕಿ ತೆಗೆಯದಿದ್ದರೆ ಆಮೇಲೆ .357 ಸರಿಯಾಗಿ ಕೂರುವುದಿಲ್ಲ. ಬೇಟೆಗೆ ಹೊರಡುವ ಮುನ್ನ ಬೇಟೆಯ ತೋಟಾದಿಂದಲೇ ಗುರಿ ಹೊಂದಿಸಿಕೊಳ್ಳಬೇಕು, ಏಕೆಂದರೆ ಎರಡೂ ಒಂದೇ ಜಾಗಕ್ಕೆ ಬೀಳುವುದಿಲ್ಲ.

ಒದೆತ ಕಡಿಮೆಯಾದರೆ ಶಬ್ದವೂ ಕಡಿಮೆಯೆ?

ರಿವಾಲ್ವರ್‌ಗೆ ಹೋಲಿಸಿದರೆ ಹೌದು, ಕಿವಿಗೆ ಹಾನಿಯಾಗದಷ್ಟು ಅಲ್ಲ. ಪೂರ್ಣ ಬಲದ ತೋಟಾದ ಒಂದೇ ಈಡು 140 ಡೆಸಿಬಲ್ ದಾಟುತ್ತದೆ. ಅಭ್ಯಾಸದಲ್ಲೂ ಕಾಡಿನಲ್ಲೂ ಕಿವಿಗವಸು ಹಾಕಿ.

ಮಾಂಸದ ವಿಷಯದಲ್ಲಿ ಏನು ಎಚ್ಚರ ಬೇಕು?

ಎರಡು. ಸೀಸದ ಗುಂಡು ಒಡೆದಾಗ ಕಣ್ಣಿಗೆ ಕಾಣದ ಚೂರುಗಳು ಗಾಯದ ಸುತ್ತಲಿನ ಮಾಂಸದಲ್ಲಿ ಉಳಿಯುತ್ತವೆ. ಕಡಿಮೆ ವೇಗದ ಈ ಗುಂಡುಗಳು ದೊಡ್ಡ ರೈಫಲ್‌ನವುಗಳಷ್ಟು ಒಡೆಯುವುದಿಲ್ಲವಾದರೂ, ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯರೋ ಇದ್ದರೆ ತಾಮ್ರದ ಗುಂಡನ್ನೇ ಬಳಸುವುದು ಉತ್ತಮ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸರಹಿತ ಗುಂಡು ಕಡ್ಡಾಯ.

ಎರಡನೆಯದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಜಿಂಕೆಯ ಮಿದುಳಿನ ರೋಗ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ ಇದು 2015ರಲ್ಲಿ ಮಿಷಿಗನ್‌ನ ಕಾಡು ಜಿಂಕೆಗಳಲ್ಲೂ ಪತ್ತೆಯಾಯಿತು. ಮನುಷ್ಯರಿಗೆ ತಗುಲಿದ ಖಚಿತ ಪ್ರಕರಣವಿಲ್ಲ. ಆದರೂ ಸೋಂಕು ಕಂಡುಬಂದ ಪ್ರಾಣಿಯ ಮಾಂಸ ತಿನ್ನಬಾರದೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಬೇಯಿಸಿದರೂ ಆ ರೋಗಕಾರಕ ನಾಶವಾಗುವುದಿಲ್ಲ. ರೋಗವಿರುವ ಪ್ರದೇಶದಲ್ಲಿ ಹೊಡೆದಿದ್ದರೆ ತಲೆಯನ್ನು ಪರೀಕ್ಷೆಗೆ ಕೊಟ್ಟು, ಬೆನ್ನುಹುರಿಗೆ ಕತ್ತಿ ತಾಗಿಸದೆ ಮೂಳೆಯಿಂದ ಮಾಂಸ ಬಿಡಿಸಿ, ಪೊಟ್ಟಣಗಳ ಮೇಲೆ ಪರೀಕ್ಷೆಯ ಚೀಟಿಯ ಸಂಖ್ಯೆ ಬರೆದು ಫ್ರೀಜರ್‌ನಲ್ಲಿಡಿ. ಫಲಿತಾಂಶ ಬರುವವರೆಗೆ ಅವನ್ನು ಯಾರಿಗೂ ಹಂಚಬೇಡಿ.